ಕಳಚುವ ಮುನ್ನ: ರೂರ್ ಕಣಿವೆಯ ಉಕ್ಕಿನ ಕಾರ್ಖಾನೆಗಳ ಹಸ್ತಾಂತರ

೧

ಕೈಗಾರಿಕೆಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಆರಂಭಗಳ ಇತಿಹಾಸವನ್ನೇ ಬರೆಯುತ್ತಾರೆ. ಅಡಿಗಲ್ಲನ್ನು ಇಟ್ಟವರು ಯಾರು, ಮೊದಲ ಕುಲುಮೆ ಯಾವ ವರ್ಷ ಹೊತ್ತಿತು, ಬಂಡವಾಳ ಎಲ್ಲಿಂದ ಒದಗಿತು, ಎಷ್ಟು ಟನ್ ಸರಕು ಹೊರಬಂದಿತು ಎಂಬ ವಿವರಗಳು ಹೇರಳವಾಗಿ ದೊರೆಯುತ್ತವೆ. ಅಂತ್ಯದ ವಿಷಯದಲ್ಲಿ ದಾಖಲೆಗಳು ಮಿತಭಾಷಿಗಳು. ಇಂಥ ದಿನ ಬೆಂಕಿ ಆರಿತು, ಇಂಥ ವರ್ಷ ಕಟ್ಟಡ ನೆಲಸಮವಾಯಿತು ಎಂದು ಎರಡು ಸಾಲಿನಲ್ಲಿ ಅವು ಮುಗಿದುಹೋಗುತ್ತವೆ. ಆದರೆ ಬೆಂಕಿ ಆರಿದ ದಿನಕ್ಕೂ ಕಟ್ಟಡ ಉರುಳಿದ ದಿನಕ್ಕೂ ನಡುವೆ ಇನ್ನೊಂದು ದಿನವಿದೆ. ಅಂದು ಕಾರ್ಖಾನೆಯ ಆವರಣವು ಅದನ್ನು ನಡೆಸಿದವರ ಕೈಯಿಂದ ಅದನ್ನು ಬಿಚ್ಚಲು ಬಂದವರ ಕೈಗೆ ಹೋಗುತ್ತದೆ. ಹೆಬ್ಬಾಗಿಲಿನ ಬೀಗದ ಕೈ, ಕಾವಲುಗಾರನ ಪುಸ್ತಕ, ನಕ್ಷೆಗಳ ಕಪಾಟು, ಅಪಘಾತವಾದರೆ ಉತ್ತರ ಹೇಳಬೇಕಾದ ಹೊಣೆ, ಇವೆಲ್ಲವೂ ಒಂದು ಸಹಿಯಿಂದ ಕೈ ಬದಲಾಯಿಸುತ್ತವೆ. ಆ ದಿನದ ಇತಿಹಾಸವನ್ನು ಒಂದು ನಿಶ್ಚಿತ ಪ್ರದೇಶದ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕುಲುಮೆ ತಣ್ಣಗಾದೊಡನೆ ಕಾರ್ಖಾನೆ ನಿರ್ಜೀವವಾಯಿತೆಂದು ತಿಳಿಯುವುದು ಸರಿಯಲ್ಲ. ಕೊಳವೆಗಳಲ್ಲಿ ಅನಿಲ ಉಳಿದಿರುತ್ತದೆ. ತೊಟ್ಟಿಗಳ ತಳದಲ್ಲಿ ಟಾರು ಹೆಪ್ಪುಗಟ್ಟಿರುತ್ತದೆ. ಒಂದು ತೊಲೆ ಇನ್ನೊಂದರ ಭಾರವನ್ನು ಹೊತ್ತು ನಿಂತಿರುತ್ತದೆ. ಯಾವ ಕವಾಟ ತುಕ್ಕು ಹಿಡಿದು ಬಿಗಿದುಕೊಂಡಿದೆ, ನಕ್ಷೆಯಲ್ಲಿ ಕಾಣದ ಯಾವ ಕೊಳವೆಯನ್ನು ಯಾವ ಅವಸರದಲ್ಲಿ ಜೋಡಿಸಲಾಯಿತು ಎಂಬುದು ಅಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಮಾತ್ರ ಗೊತ್ತು. ಆದುದರಿಂದ ಹಸ್ತಾಂತರವೆಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳು ಅಡಗಿವೆ. ಯಂತ್ರದ ಮತ್ತು ನೆಲದ ಒಡೆತನವು ಮೊದಲನೆಯದು. ಆವರಣದ ಸ್ವಾಧೀನ, ಅಂದರೆ ಯಾರು ಒಳಗೆ ಬರಬಹುದು, ಯಾರು ಬರಕೂಡದು ಎಂದು ಹೇಳುವ ಅಧಿಕಾರ, ಎರಡನೆಯದು. ಜೀವರಕ್ಷಣೆಯ ಹೊಣೆ ಮೂರನೆಯದು. ಕಾರ್ಖಾನೆಯ ಕುರಿತ ತಿಳಿವಳಿಕೆ ನಾಲ್ಕನೆಯದು. ಮೊದಲಿನ ಮೂರನ್ನು ಕಾಗದದ ಮೇಲೆ ಬರೆದುಕೊಡಬಹುದು. ನಾಲ್ಕನೆಯದನ್ನು ಪೂರ್ಣವಾಗಿ ಬರೆದುಕೊಡುವುದು ಶಕ್ಯವಲ್ಲ. ಈ ನಾಲ್ಕೂ ಒಟ್ಟಿಗೆ ಒಂದೇ ಕೈಗೆ ಸೇರಿದುವೋ ಚದುರಿಹೋದುವೋ ಎಂಬುದರ ಮೇಲೆ ಕಳಚುವಿಕೆಯ ಫಲವೂ ಆ ಊರಿನ ಮುಂದಿನ ಗತಿಯೂ ನಿಂತಿವೆ.

ಇದನ್ನು ಪರೀಕ್ಷಿಸಲು ಜರ್ಮನಿಯ ರೂರ್ ಪ್ರದೇಶಕ್ಕಿಂತ ಉತ್ತಮವಾದ ಕ್ಷೇತ್ರ ದೊರೆಯಲಾರದು. ಕಲ್ಲಿದ್ದಲು ಮತ್ತು ಉಕ್ಕಿನ ಮೇಲೆ ಬೆಳೆದ ಈ ನಾಡು ಸುಮಾರು ಅರ್ಧ ಶತಮಾನದ ಅಂತರದಲ್ಲಿ ಎರಡು ಬಾರಿ ತನ್ನ ಕಾರ್ಖಾನೆಗಳನ್ನು ಅನ್ಯರು ಬಿಚ್ಚಿ ಕೊಂಡೊಯ್ಯುವುದನ್ನು ಕಂಡಿತು. ೧೯೪೫ರ ನಂತರದ ಮೊದಲ ಬಾರಿ ಯುದ್ಧದಲ್ಲಿ ಗೆದ್ದವರು ಆಜ್ಞೆಯ ಬಲದಿಂದ ಕೊಂಡೊಯ್ದರು. ೨೦೦೧ರ ನಂತರದ ಎರಡನೆಯ ಬಾರಿ ಹಣ ಕೊಟ್ಟವರು ಕ್ರಯಪತ್ರದ ಬಲದಿಂದ ಕೊಂಡೊಯ್ದರು. ಮೊದಲನೆಯದನ್ನು ಕಾರ್ಮಿಕರು ಮೈಯೊಡ್ಡಿ ತಡೆದರು. ಎರಡನೆಯದನ್ನು ತಡೆಯಲು ಯಾರೂ ಬರಲಿಲ್ಲ.

೨

೧೯೪೫ರ ಆಗಸ್ಟ್ ತಿಂಗಳಿನಲ್ಲಿ ಪಾಟ್ಸ್‌ಡಾಮಿನಲ್ಲಿ ಸೇರಿದ ಮಿತ್ರರಾಷ್ಟ್ರಗಳು, ಜರ್ಮನಿಯು ತೆರಬೇಕಾದ ಯುದ್ಧಪರಿಹಾರವನ್ನು ನಗದಿಗೆ ಬದಲಾಗಿ ಯಂತ್ರಗಳ ರೂಪದಲ್ಲಿ ಪಡೆಯುವುದೆಂದು ನಿರ್ಧರಿಸಿದುವು. ಸೋವಿಯತ್ ಒಕ್ಕೂಟಕ್ಕೆ ತನ್ನ ವಲಯದಿಂದ ತೆಗೆದುಕೊಳ್ಳುವುದರ ಜೊತೆಗೆ ಪಶ್ಚಿಮ ವಲಯಗಳಲ್ಲಿ ಕಳಚಿದ ಯಂತ್ರಸಾಮಗ್ರಿಯಲ್ಲಿಯೂ ಒಂದು ಪಾಲು ಸಲ್ಲಬೇಕೆಂದಾಯಿತು. ೧೯೪೬ರ ಮಾರ್ಚಿಯಲ್ಲಿ ಹೊರಬಂದ ಯೋಜನೆಯು ಜರ್ಮನಿಯ ಉಕ್ಕು ತಯಾರಿಕೆಯ ಸಾಮರ್ಥ್ಯವನ್ನು ವರ್ಷಕ್ಕೆ ೭೫ ಲಕ್ಷ ಟನ್ನಿಗೆ ಇಳಿಸಿ, ವಾಸ್ತವ ಉತ್ಪಾದನೆಗೆ ೫೮ ಲಕ್ಷ ಟನ್ನಿನ ಮಿತಿಯನ್ನು ಹಾಕಿತು. ಮಿತಿಗಿಂತ ಹೆಚ್ಚಾದುದೆಲ್ಲವೂ ಕಳಚಲು ಅರ್ಹವಾಯಿತು. ೧೯೪೭ರ ಅಕ್ಟೋಬರಿನಲ್ಲಿ, ಮಿತಿಯನ್ನು ಸಡಿಲಿಸಿದ ಮೇಲೂ, ಬ್ರಿಟಿಷ್ ಮತ್ತು ಅಮೆರಿಕನ್ ವಲಯಗಳಲ್ಲಿ ಕಳಚಬೇಕಾದ ೬೮೨ ಕಾರ್ಖಾನೆಗಳ ಪಟ್ಟಿಯು ಪ್ರಕಟವಾಯಿತು.

ರೂರ್ ಪ್ರದೇಶವು ಬ್ರಿಟಿಷ್ ವಲಯಕ್ಕೆ ಸೇರಿತ್ತು. ಉಕ್ಕಿನ ಕಾರ್ಖಾನೆಗಳನ್ನು ಬ್ರಿಟಿಷ್ ಆಡಳಿತವು ಜಪ್ತಿ ಮಾಡಿ, ೧೯೪೬ರಲ್ಲಿ ಒಂದು ನಿಯಂತ್ರಣ ಮಂಡಲಿಯ ವಶಕ್ಕೆ ಒಪ್ಪಿಸಿತು. ಎಸೆನ್ ನಗರದ ಬೋರ್ಬೆಕ್‌ನಲ್ಲಿದ್ದ ಕ್ರುಪ್ ಸಂಸ್ಥೆಯ ಉಕ್ಕಿನ ಕಾರ್ಖಾನೆಯು ಆ ಕಾಲದ ಆಧುನಿಕ ಕಾರ್ಖಾನೆಗಳಲ್ಲಿ ಒಂದು. ಅದನ್ನು ಬಿಚ್ಚಿ ಸೋವಿಯತ್ ಒಕ್ಕೂಟಕ್ಕೆ ಸಾಗಿಸುವ ಕಾರ್ಯವು ಬಹು ಬೇಗನೆ ಆರಂಭವಾಯಿತು. ಅಧಿಕಾರ ಬ್ರಿಟಿಷರದು, ಸರಕು ರಷ್ಯನ್ನರದು, ಕಳಚುವ ಕೈಗಳು ಮಾತ್ರ ಜರ್ಮನರವು. ಹೀಗೆ ಮೇಲೆ ಹೇಳಿದ ನಾಲ್ಕು ಎಳೆಗಳೂ ಇಲ್ಲಿ ನಾಲ್ಕು ದಿಕ್ಕಿಗೆ ಹೋದುವು. ತನ್ನ ಯಂತ್ರವನ್ನು ತಾನೇ ಬಿಚ್ಚಬೇಕಾದವನು ಅದನ್ನು ಮರಳಿ ಜೋಡಿಸುವವನಿಗೆ ನೆರವಾಗಲೆಂದು ಮನಸ್ಸಿಟ್ಟು ಕೆಲಸ ಮಾಡುವನೆಂದು ನಿರೀಕ್ಷಿಸಲು ಕಾರಣವಿರಲಿಲ್ಲ.

ಇದರ ಪರಿಣಾಮವು ಸೋವಿಯತ್ ವಲಯದಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತು. ಅಲ್ಲಿ ಸೈನ್ಯದ ಆತುರದಲ್ಲಿ ಕಿತ್ತ ಯಂತ್ರಗಳಲ್ಲಿ ಎಷ್ಟೋ ಭಾಗ ರೈಲ್ವೆ ಹಳಿಗಳ ಪಕ್ಕದಲ್ಲಿ ಮಳೆ ಹಿಮಗಳಿಗೆ ಸಿಕ್ಕಿ ತುಕ್ಕು ಹಿಡಿದು ಹಾಳಾಯಿತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಕಬ್ಬಿಣ ಕೈ ಸೇರಿತು; ಅದನ್ನು ಕಾರ್ಖಾನೆಯನ್ನಾಗಿ ಮಾಡಿದ್ದ ತಿಳಿವಳಿಕೆಯು ಜೊತೆಗೆ ಹೋಗಲಿಲ್ಲ. ಕಳೆದುಕೊಂಡವರಿಗೆ ನಷ್ಟವಾಯಿತು, ಪಡೆದವರಿಗೆ ಆ ಪ್ರಮಾಣದ ಲಾಭವಾಗಲಿಲ್ಲ.

ಇತ್ತ ಪಶ್ಚಿಮ ವಲಯದಲ್ಲಿ ಪ್ರತಿಭಟನೆಯು ವರ್ಷದಿಂದ ವರ್ಷಕ್ಕೆ ಬೆಳೆಯಿತು. ೧೯೪೯ರ ಜೂನ್ ತಿಂಗಳಿನಲ್ಲಿ ಬೆರ್ಗ್‌ಕಾಮನ್ ಎಂಬಲ್ಲಿಯ ಕೃತಕ ತೈಲದ ಕಾರ್ಖಾನೆಯಲ್ಲಿ ಕಾರ್ಮಿಕರು ಕಳಚುವವರನ್ನು ಒಳಗೆ ಬಿಡಲೊಲ್ಲದೆ ನಿಂತಾಗ ಸೈನ್ಯವನ್ನು ಕರೆಸಬೇಕಾಯಿತು. ರೂರಿನ ಹೊರಗೆ, ಸಾಲ್ಟ್ಸ್‌ಗಿಟರಿನ ಉಕ್ಕಿನ ಕಾರ್ಖಾನೆಯಲ್ಲಿ, ೧೯೫೦ರ ಮಾರ್ಚಿಯಲ್ಲಿ ಇದೇ ದೃಶ್ಯ ಇನ್ನಷ್ಟು ತೀವ್ರವಾಗಿ ಮರುಕಳಿಸಿತು. ಈ ಹೋರಾಟಗಳ ಕೇಂದ್ರವು ಸದಾ ಹೆಬ್ಬಾಗಿಲು ಎಂಬುದು ಗಮನಾರ್ಹ. ಒಳಗಿನ ಯಂತ್ರದ ಮೇಲೆ ಕಾರ್ಮಿಕನಿಗೆ ಕಾನೂನಿನ ಹಕ್ಕಿರಲಿಲ್ಲ. ಆದರೆ ಗುತ್ತಿಗೆದಾರನ ಆಳುಗಳು ಒಮ್ಮೆ ಒಳಹೊಕ್ಕು ಮೊದಲ ತೊಲೆಯನ್ನು ಕತ್ತರಿಸಿದರೆ ಮುಂದಿನ ಯಾವ ಮಾತುಕತೆಗೂ ಅರ್ಥವಿರದೆಂಬುದನ್ನು ಅವನು ಚೆನ್ನಾಗಿ ತಿಳಿದಿದ್ದನು. ಸ್ವಾಧೀನವೇ ಎಲ್ಲಕ್ಕೂ ಮೂಲವೆಂಬುದನ್ನು ಕಾನೂನು ಪಂಡಿತರಿಗಿಂತ ಮೊದಲು ಅವನು ಕಂಡುಕೊಂಡನು.

೧೯೪೯ರ ನವೆಂಬರ್ ೨೨ರಂದು ಸಹಿಯಾದ ಪೀಟರ್ಸ್‌ಬರ್ಗ್ ಒಪ್ಪಂದವು ಹಲವು ದೊಡ್ಡ ಕಾರ್ಖಾನೆಗಳನ್ನು ಪಟ್ಟಿಯಿಂದ ಬಿಡಿಸಿತು. ಡ್ಯುಸ್‌ಬುರ್ಗಿನ ಆಗಸ್ಟ್ ಥುಸೆನ್ ಕಾರ್ಖಾನೆ, ಬೋಖುಮ್ ನಗರದ ಉಕ್ಕಿನ ಕಾರ್ಖಾನೆ, ಹಾಟಿಂಗನ್‌ನ ಹೆನ್ರಿಖ್ ಕಾರ್ಖಾನೆ ಇವು ಉಳಿದುಕೊಂಡವುಗಳಲ್ಲಿ ಮುಖ್ಯವಾದುವು. ಇಷ್ಟರಲ್ಲಿ ಥುಸೆನ್ ಕಾರ್ಖಾನೆಯ ಒಂದು ಭಾಗವು ಆಗಲೇ ಕಳಚಿ ಹೋಗಿತ್ತು. ಉಳಿದುದರಲ್ಲಿ ೧೯೫೧ರಲ್ಲಿ ಮತ್ತೆ ಊದುಕುಲುಮೆ ಹೊತ್ತಿತು. ಅದೇ ೧೯೫೧ರಲ್ಲಿ ಪಶ್ಚಿಮ ಜರ್ಮನಿಯು ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳಿಗೆ ಸಹನಿರ್ಣಯದ ಕಾನೂನನ್ನು ಮಾಡಿ, ಕಂಪನಿಗಳ ಮೇಲ್ವಿಚಾರಕ ಮಂಡಲಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಮಾಲೀಕರ ಪ್ರತಿನಿಧಿಗಳಷ್ಟೇ ಸ್ಥಾನಗಳನ್ನು ಕೊಟ್ಟಿತು. ಬ್ರಿಟಿಷ್ ವಲಯದ ಉಕ್ಕಿನ ಕಂಪನಿಗಳಲ್ಲಿ ೧೯೪೭ರಿಂದಲೇ ರೂಢಿಗೆ ಬಂದಿದ್ದ ವ್ಯವಸ್ಥೆಯು ಹೀಗೆ ಶಾಸನವಾಯಿತು. ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದು ಮೇಜಿನ ಬಳಿ ಕುಳಿತನು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಎರಡನೆಯ ಕಳಚುವಿಕೆಯ ಮೌನಕ್ಕೆ ಇದೇ ಒಂದು ಕಾರಣ.

೩

ಡೋರ್ಟ್‌ಮುಂಡ್ ನಗರದ ದಕ್ಷಿಣ ಭಾಗದಲ್ಲಿ ಹೋರ್ಡೆ ಎಂಬ ಹಳೆಯ ಊರಿದೆ. ಹರ್ಮನ್ ಪೀಪನ್‌ಷ್ಟಾಕ್ ಎಂಬ ಉದ್ಯಮಿಯು ೧೮೪೧ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿದನು. ಮುಂದೆ ೧೯೦೬ರಲ್ಲಿ ಫೀನಿಕ್ಸ್ ಎಂಬ ಸಂಸ್ಥೆಯೊಡನೆ ವಿಲೀನವಾದುದರಿಂದ ಅದಕ್ಕೆ ಫೀನಿಕ್ಸ್ ಎಂಬ ಹೆಸರು ಅಂಟಿಕೊಂಡಿತು. ಪಶ್ಚಿಮದ ಆವರಣದಲ್ಲಿ ಊದುಕುಲುಮೆಗಳು, ಪೂರ್ವದ ಆವರಣದಲ್ಲಿ ಉಕ್ಕು ತಯಾರಿಸುವ ಪರಿವರ್ತಕಗಳು, ನಡುವೆ ಕಾದ ದ್ರವಲೋಹವನ್ನು ಒಯ್ಯುವ ರೈಲುದಾರಿ, ಹೀಗೆ ಊರನ್ನು ನಡುವಿಟ್ಟುಕೊಂಡು ಕಾರ್ಖಾನೆಯು ಬೆಳೆಯಿತು. ಅಲ್ಲಿ ಹರಿಯುತ್ತಿದ್ದ ಎಮ್ಷರ್ ನದಿಯನ್ನು ಕೊಳವೆಯೊಳಕ್ಕೆ ತಳ್ಳಿ ಕಾರ್ಖಾನೆಯ ಅಡಿಯಲ್ಲಿ ಹೂಳಲಾಯಿತು.

ಹೋರ್ಡೆಯ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಬಹು ಸಮೀಪವಾದ ಒಂದು ದಿನಾಂಕವಿದೆ. ಅದು ೧೮೭೯ರ ಸೆಪ್ಟೆಂಬರ್ ೨೨. ರಂಜಕಾಂಶ ಹೆಚ್ಚಾಗಿದ್ದ ಕಬ್ಬಿಣದಿಂದ ಒಳ್ಳೆಯ ಉಕ್ಕನ್ನು ತೆಗೆಯುವುದು ಅದುವರೆಗೆ ಸಾಧ್ಯವಾಗಿರಲಿಲ್ಲ. ಇಂಗ್ಲೆಂಡಿನ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಎಂಬುವನು ಪರಿವರ್ತಕದ ಒಳಮೈಗೆ ಕ್ಷಾರಗುಣದ ಇಟ್ಟಿಗೆಯನ್ನು ಹೊದಿಸಿ, ಸುಣ್ಣವನ್ನು ಸೇರಿಸಿ, ರಂಜಕವನ್ನು ಕಿಟ್ಟದೊಡನೆ ಹೊರಹಾಕುವ ವಿಧಾನವನ್ನು ಕಂಡುಹಿಡಿದನು. ಆ ವಿಧಾನದ ಹಕ್ಕನ್ನು ಕ್ರಯಕ್ಕೆ ಪಡೆದು ಜರ್ಮನಿಯಲ್ಲಿ ಮೊದಲು ಪ್ರಯೋಗಿಸಿದ ಎರಡು ಸ್ಥಳಗಳಲ್ಲಿ ಹೋರ್ಡೆ ಒಂದು. ಅಂದು ಪರದೇಶದ ವಿದ್ಯೆಯು ಹೋರ್ಡೆಗೆ ಕಾಗದದ ರೂಪದಲ್ಲಿ ಬಂದಿತು. ಕಬ್ಬಿಣ, ಕಲ್ಲಿದ್ದಲು, ಕೆಲಸಗಾರರು ಎಲ್ಲವೂ ಸ್ಥಳೀಯವೇ ಆಗಿದ್ದುವು. ಒಂದು ನೂರ ಇಪ್ಪತ್ತೆರಡು ವರ್ಷಗಳ ನಂತರ ವಿದ್ಯೆಯು ಹೋರ್ಡೆಯಿಂದ ಹೊರಟಾಗ ಕಾಗದದೊಡನೆ ಕಬ್ಬಿಣವೂ ಹೊರಟಿತು.

ಆ ಅಂತ್ಯಕ್ಕೆ ಕಾರಣಗಳು ಸರಳವಾಗಿವೆ. ೧೯೬೬ರಲ್ಲಿ ಹೋರ್ಡೆಯ ಕಾರ್ಖಾನೆಯು ಹೋಶ್ ಸಂಸ್ಥೆಯೊಡನೆ ಸೇರಿತು. ೧೯೭೦ರ ದಶಕದ ಮಧ್ಯಭಾಗದಿಂದ ಯೂರೋಪಿನಲ್ಲಿ ಉಕ್ಕಿನ ಬೇಡಿಕೆ ಕುಗ್ಗಿತು. ೧೯೯೦ರ ದಶಕದ ಆರಂಭದಲ್ಲಿ ಹೋಶ್ ಸಂಸ್ಥೆಯನ್ನು ಕ್ರುಪ್ ನುಂಗಿತು. ೧೯೯೯ರ ವೇಳೆಗೆ ಕ್ರುಪ್ ಮತ್ತು ಥುಸೆನ್ ಒಂದಾದುವು. ಅದಿರು ಈಗ ಸಮುದ್ರದಾಚೆಯಿಂದ ಬರುವುದರಿಂದ, ರೈನ್ ನದಿಯ ದಂಡೆಯ ಡ್ಯುಸ್‌ಬುರ್ಗಿಗೆ ಒಳನಾಡಿನ ಡೋರ್ಟ್‌ಮುಂಡಿಗಿಂತ ಸಾಗಾಣಿಕೆಯ ಅನುಕೂಲ ಹೆಚ್ಚು. ಉಕ್ಕಿನ ತಯಾರಿಕೆಯನ್ನು ಡ್ಯುಸ್‌ಬುರ್ಗಿನಲ್ಲಿ ಕೇಂದ್ರೀಕರಿಸುವ ನಿರ್ಣಯವಾಯಿತು. ಫೀನಿಕ್ಸ್ ಪಶ್ಚಿಮದ ಊದುಕುಲುಮೆಗಳು ೧೯೯೮ರಲ್ಲಿಯೂ ಪೂರ್ವದ ಉಕ್ಕಿನ ಕಾರ್ಖಾನೆಯು ೨೦೦೧ರ ಏಪ್ರಿಲ್ ತಿಂಗಳಿನಲ್ಲಿಯೂ ನಿಂತುವು. ೧೯೪೯ರಲ್ಲಿ ಕಳಚುವವರ ಕೈಯಿಂದ ಬಿಡಿಸಿಕೊಂಡ ಡ್ಯುಸ್‌ಬುರ್ಗಿನ ನೆಲೆಯೇ ಡೋರ್ಟ್‌ಮುಂಡಿನ ಕೆಲಸವನ್ನು ತನ್ನೆಡೆಗೆ ಸೆಳೆದುಕೊಂಡಿತು.

೪

ನಿಂತ ಕಾರ್ಖಾನೆಯನ್ನು ಕೊಂಡವರು ಚೀನಾದ ಜಿಯಾಂಗ್ಸು ಪ್ರಾಂತದ ಶಾಗಾಂಗ್ ಎಂಬ ಉಕ್ಕಿನ ಸಂಸ್ಥೆಯವರು. ಯಾಂಗ್‌ಟ್ಸೆ ನದಿಯ ಮುಖಕ್ಕೆ ಸಮೀಪವಾದ ಜಾಂಗ್‌ಜಿಯಾಗಾಂಗ್‌ನಲ್ಲಿ ಅದನ್ನು ಮತ್ತೆ ನಿಲ್ಲಿಸುವುದು ಅವರ ಸಂಕಲ್ಪ. ಕ್ರಯದ ಅನಂತರ ಚೀನಾದಿಂದ ಸುಮಾರು ಒಂದು ಸಾವಿರ ಮಂದಿ ಕೆಲಸಗಾರರು ಡೋರ್ಟ್‌ಮುಂಡಿಗೆ ಬಂದಿಳಿದರು. ಕಾರ್ಖಾನೆಯ ಆವರಣದಲ್ಲಿಯೇ ಅವರ ವಸತಿ ಮತ್ತು ಅಡುಗೆ. ವಾರಕ್ಕೆ ಏಳು ದಿನವೂ ದಿನಕ್ಕೆ ಹನ್ನೆರಡು ಗಂಟೆ ದುಡಿಯತೊಡಗಿದ ಅವರಿಗೆ, ಸ್ಥಳೀಯರ ಆಕ್ಷೇಪಣೆ ಬಂದ ಮೇಲೆ ವಾರಕ್ಕೊಂದು ದಿನ ಬಿಡುವು ದೊರೆಯಿತು. ಹಾಗಿದ್ದರೂ ನಿಗದಿಯಾದ ಅವಧಿಗಿಂತ ಬಹು ಮುಂಚೆಯೇ ಅವರು ಕೆಲಸವನ್ನು ಮುಗಿಸಿದರು. ಸುಮಾರು ಎರಡೂವರೆ ಲಕ್ಷ ಟನ್ ತೂಕದ ಸಾಮಗ್ರಿಯು ಹಡಗುಗಳಲ್ಲಿ ಪೂರ್ವಕ್ಕೆ ಹೋಯಿತು.

ಈ ಅಂಕಿಗಿಂತ ಹೆಚ್ಚು ಮಹತ್ವದ ಇನ್ನೊಂದು ಅಂಕಿಯಿದೆ. ಯಂತ್ರಗಳೊಡನೆ ಸುಮಾರು ೪೦ ಟನ್ ತೂಕದ ಕಾಗದಪತ್ರಗಳೂ ಹೋದುವು. ಯಾವ ಭಾಗವು ಯಾವುದಕ್ಕೆ ಸೇರುತ್ತದೆ, ಯಾವ ಕ್ರಮದಲ್ಲಿ ಮರಳಿ ಜೋಡಿಸಬೇಕು ಎಂಬ ವಿವರಗಳು ಅವುಗಳಲ್ಲಿ ಅಡಕವಾಗಿದ್ದುವು. ಬಿಚ್ಚಿದ ಭಾಗಗಳಿಗೆ ಗುರುತು ಹಾಕಿ ಕಟ್ಟಿದರು. ೧೯೪೫ರ ವಿಜೇತನು ಯಂತ್ರವನ್ನು ಕಿತ್ತು ವಿದ್ಯೆಯನ್ನು ಬಿಟ್ಟುಹೋದನು. ೨೦೦೧ರ ಗಿರಾಕಿಯು ವಿದ್ಯೆಗೆ ಯಂತ್ರದಷ್ಟೇ ಬೆಲೆಯಿದೆಯೆಂದು ಬಲ್ಲವನಾಗಿದ್ದನು. ಒಂದೇ ಪ್ರದೇಶದ ಎರಡು ಕಳಚುವಿಕೆಗಳಲ್ಲಿ ಒಂದು ತುಕ್ಕಿನಲ್ಲಿ ಕೊನೆಗೊಂಡಿತು, ಇನ್ನೊಂದು ಹೊಸ ಕಾರ್ಖಾನೆಯಾಗಿ ಎದ್ದಿತು ಎಂಬುದಕ್ಕೆ ಇದು ಮುಖ್ಯವಾದ ಕಾರಣವೆಂದು ತೋರುತ್ತದೆ. ಕೊಂಡವನೇ ಕಳಚಿದನು, ಕಳಚಿದವನೇ ಜೋಡಿಸಿದನು. ಎಳೆಗಳು ಒಂದೇ ಕೈಯಲ್ಲಿ ಉಳಿದುವು.

ಹಸ್ತಾಂತರದ ಒಳಗಿನ ಕಷ್ಟಗಳನ್ನು ಅರಿಯಲು ಅದೇ ನಗರದ ಇನ್ನೊಂದು ಉದಾಹರಣೆ ಹೆಚ್ಚು ನೆರವಾಗುತ್ತದೆ. ಡೋರ್ಟ್‌ಮುಂಡಿನ ಉತ್ತರಕ್ಕೆ, ಹೋಶ್ ಸಂಸ್ಥೆಯ ವೆಸ್ಟ್‌ಫಾಲನ್ ಕಾರ್ಖಾನೆಯ ಆವರಣದಲ್ಲಿ, ಕೈಸರ್‌ಷ್ಟೂಲ್ ಎಂಬ ಕೋಕ್ ತಯಾರಿಸುವ ಸ್ಥಾವರವಿತ್ತು. ಅದು ಹಳೆಯದೇನೂ ಅಲ್ಲ. ೧೯೯೨ರಲ್ಲಿ ಕೆಲಸವನ್ನು ಆರಂಭಿಸಿದ ಅದು ಜಗತ್ತಿನ ಅತ್ಯಾಧುನಿಕ ಕೋಕ್ ಸ್ಥಾವರಗಳಲ್ಲಿ ಒಂದೆಂದು ಎಣಿಕೆಯಾಗಿತ್ತು. ಊದುಕುಲುಮೆಗಳು ನಿಲ್ಲುವುದರೊಡನೆ ಕೋಕಿಗೆ ಗಿರಾಕಿಯಿಲ್ಲದಂತಾಗಿ, ಎಂಟೇ ವರ್ಷಗಳಲ್ಲಿ, ೨೦೦೦ದ ಡಿಸೆಂಬರಿನಲ್ಲಿ ಅದನ್ನು ಮುಚ್ಚಲಾಯಿತು. ಅದನ್ನು ಶಾಂಡೋಂಗ್ ಪ್ರಾಂತದ ಯಾನ್‌ಕುವಾಂಗ್ ಎಂಬ ಗಣಿ ಸಂಸ್ಥೆಯು ಕೊಂಡಿತು. ೨೦೦೩ರಿಂದ ಸುಮಾರು ನಾನ್ನೂರು ಮಂದಿ ಚೀನೀ ಕೆಲಸಗಾರರು ಒಂದೂವರೆ ವರ್ಷ ಅದನ್ನು ಕಳಚಿದರು. ಉಲ್ರಿಕೆ ಫ್ರಾಂಕೆ ಮತ್ತು ಮಿಖಾಯೆಲ್ ಲೋಕನ್ ಎಂಬ ನಿರ್ದೇಶಕರು ೨೦೦೬ರಲ್ಲಿ ಹೊರತಂದ ಒಂದು ಸಾಕ್ಷ್ಯಚಿತ್ರದಲ್ಲಿ ಈ ಕಾರ್ಯವು ದಾಖಲಾಗಿದೆ.

ಕೈಸರ್‌ಷ್ಟೂಲ್‌ನಲ್ಲಿ ಹಳೆಯ ಸಿಬ್ಬಂದಿಯಲ್ಲಿ ಕೆಲವೇ ಮಂದಿ ಉಳಿದಿದ್ದರು. ಯಂತ್ರವು ಈಗ ಅವರದಲ್ಲ. ಕೆಲಸ ಮಾಡುವವರು ಅವರ ಆಜ್ಞೆಗೆ ಒಳಪಟ್ಟವರಲ್ಲ. ಆದರೆ ನೆಲವು ಜರ್ಮನಿಯದು, ಅಲ್ಲಿಯ ಸುರಕ್ಷತೆಯ ನಿಯಮಗಳೂ ಜರ್ಮನಿಯವು. ಎತ್ತರದ ತೊಲೆಯ ಮೇಲೆ ಬೆಲ್ಟು ಕಟ್ಟಿಕೊಳ್ಳದೆ ನಿಂತವನನ್ನು ಕಂಡಾಗ ಕೂಗಿ ತಡೆಯಬೇಕಾದವರು ಅವರೇ. ಬಂದವರಿಗೆ ಅವಧಿಯ ಒತ್ತಡ. ಉಳಿದವರಿಗೆ ನಿಯಮದ ಒತ್ತಡ. ನಡುವೆ ದುಭಾಷಿಯ ಮಾತು. ಒಡೆತನವೂ ಸ್ವಾಧೀನವೂ ಒಂದು ಕಡೆ, ಹೊಣೆಯ ಒಂದು ಪಾಲು ಇನ್ನೊಂದು ಕಡೆ ಉಳಿದಾಗ ಹುಟ್ಟುವ ಘರ್ಷಣೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ತಾವು ಕಟ್ಟಿ ನಡೆಸಿದ ಸ್ಥಾವರವು ತುಂಡುತುಂಡಾಗಿ ಹೋಗುವುದನ್ನು ನೋಡುತ್ತಲೇ, ಅದನ್ನು ತುಂಡರಿಸುವವರ ಪ್ರಾಣಕ್ಕೆ ಕಾವಲು ನಿಲ್ಲುವ ವಿಚಿತ್ರವಾದ ಕರ್ತವ್ಯ ಆ ಕೆಲವರ ಪಾಲಿಗೆ ಬಂದಿತು. ಸ್ಥಾವರವನ್ನು ಕಳಚುತ್ತಿರುವಾಗಲೇ, ೨೦೦೪ರಲ್ಲಿ, ಚೀನಾದ ಬೇಡಿಕೆಯ ಫಲವಾಗಿ ಜಗತ್ತಿನ ಮಾರುಕಟ್ಟೆಯಲ್ಲಿ ಕೋಕಿನ ಬೆಲೆ ಗಗನಕ್ಕೇರಿತು. ಆಗ ಪಶ್ಚಾತ್ತಾಪಕ್ಕೆ ಅವಕಾಶವಿತ್ತೇ ಹೊರತು ಹಿಂದಿರುಗುವುದಕ್ಕೆ ಇರಲಿಲ್ಲ. ಸ್ವಾಧೀನವು ಕೈಬಿಟ್ಟಾಗಿತ್ತು.

೫

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ೧೯೪೯ರಲ್ಲಿ ಸೈನ್ಯದ ಎದುರಿಗೆ ನಿಂತ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ೨೦೦೧ರಲ್ಲಿ ಏಕೆ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ? ಅವರಲ್ಲಿ ಹೋರಾಟದ ಶಕ್ತಿ ಬತ್ತಿತ್ತೆಂದು ಹೇಳುವಂತಿಲ್ಲ. ೧೯೮೭ರಲ್ಲಿ ಹಾಟಿಂಗನ್‌ನ ಹೆನ್ರಿಖ್ ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಬಂದಾಗ ಇಡೀ ಊರು ಬೀದಿಗಿಳಿದಿತ್ತು. ಅದೇ ವರ್ಷದ ಕೊನೆಯಲ್ಲಿ ರೈನ್‌ಹೌಸನ್‌ನ ಕ್ರುಪ್ ಕಾರ್ಖಾನೆಯ ಕಾರ್ಮಿಕರು ಸೇತುವೆಯನ್ನು ಅಡ್ಡಗಟ್ಟಿ ದೇಶದ ಗಮನವನ್ನು ಸೆಳೆದಿದ್ದರು. ಎರಡು ಕಡೆಯೂ ಮುಚ್ಚುವುದು ತಪ್ಪಲಿಲ್ಲ. ಹಾಟಿಂಗನ್‌ನ ಒಂದು ಊದುಕುಲುಮೆಯನ್ನು ಬಿಚ್ಚಿ ಚೀನಾಕ್ಕೆ ಕೊಂಡೊಯ್ದರು. ಇನ್ನೊಂದು ವಸ್ತುಸಂಗ್ರಹಾಲಯವಾಗಿ ಉಳಿದಿದೆ. ೧೯೪೯ರಲ್ಲಿ ರಾಜಕೀಯ ಒಪ್ಪಂದದಿಂದ ಉಳಿದ ಕಾರ್ಖಾನೆಯನ್ನು ೧೯೮೭ರಲ್ಲಿ ಮಾರುಕಟ್ಟೆಯಿಂದ ಉಳಿಸಲಾಗಲಿಲ್ಲ.

ವ್ಯತ್ಯಾಸವು ಎದುರಾಳಿಯ ಸ್ವರೂಪದಲ್ಲಿದೆ. ೧೯೪೯ರಲ್ಲಿ ಬಾಗಿಲಾಚೆ ಇದ್ದವನು ಕಣ್ಣಿಗೆ ಕಾಣುವ ಪರಕೀಯ ಅಧಿಕಾರಿ. ಕಳಚುವಿಕೆಯು ನಿಂತರೆ ಮರುದಿನವೇ ಕುಲುಮೆ ಹೊತ್ತಿಸಬಹುದೆಂಬ ಭರವಸೆ ಇತ್ತು. ಯುದ್ಧಾನಂತರದ ಯೂರೋಪು ಉಕ್ಕಿಗಾಗಿ ಹಸಿದಿತ್ತು. ೨೦೦೧ರಲ್ಲಿ ಚೀನೀ ಕೆಲಸಗಾರನು ಬರುವ ವೇಳೆಗೆ ಕುಲುಮೆಯನ್ನು ಆರಿಸಿದವರು ಬೇರೆಯವರೇ ಆಗಿದ್ದರು. ಅವನನ್ನು ತಡೆದರೆ ಗುಜರಿಯವನು ಬರುತ್ತಿದ್ದನು, ಉಕ್ಕು ಮರಳಿ ಬರುತ್ತಿರಲಿಲ್ಲ. ಇದಲ್ಲದೆ ೧೯೫೧ರ ಕಾನೂನಿನಿಂದ ಮೇಜಿನ ಬಳಿ ಸ್ಥಾನ ಪಡೆದ ಕಾರ್ಮಿಕ ಪ್ರತಿನಿಧಿಗಳು ಕೆಲಸ ಕಳೆದುಕೊಳ್ಳುವವರಿಗಾಗಿ ಮುಂಚಿತ ನಿವೃತ್ತಿ, ಬೇರೆಡೆ ನೌಕರಿ, ಪರಿಹಾರಧನ ಮುಂತಾದ ಏರ್ಪಾಟುಗಳನ್ನು ಸಂಧಾನದಿಂದ ಗಳಿಸಿಕೊಟ್ಟಿದ್ದರು. ಈ ಗಳಿಕೆಯನ್ನು ಅಲ್ಪವೆಂದು ಎಣಿಸಬಾರದು. ಬೇರೆ ದೇಶಗಳ ಕಾರ್ಮಿಕರಿಗೆ ಇದು ಕನಸಾಗಿಯೇ ಉಳಿದಿದೆ. ಆದರೆ ಮನುಷ್ಯನ ಮುಂದಿನ ಜೀವನೋಪಾಯವನ್ನು ಕಾಪಾಡಿದ ಆ ವ್ಯವಸ್ಥೆಗೆ ಸ್ಥಳವನ್ನು ಕಾಪಾಡುವ ಶಕ್ತಿ ಇರಲಿಲ್ಲವೆಂಬುದನ್ನೂ ಒಪ್ಪಬೇಕು. ಮೇಜಿನ ಬಳಿಯ ಕುರ್ಚಿಯು ಹೆಬ್ಬಾಗಿಲಿನ ಬೀಗದ ಕೈಯಲ್ಲ.

೬

ಯಂತ್ರ ಹೋದ ಮೇಲೆ ಉಳಿದುದು ನೆಲ. ಹೋರ್ಡೆಯಲ್ಲಿ ಯಂತ್ರದ ಒಡೆತನ ಚೀನಾಕ್ಕೆ ಹೋದರೂ ನೆಲವು ಅದರೊಡನೆ ಹೋಗಲಿಲ್ಲ. ಡೋರ್ಟ್‌ಮುಂಡ್ ನಗರವು ತನ್ನ ಅಧೀನದ ಸಂಸ್ಥೆಯ ಮೂಲಕ ಪೂರ್ವದ ಆವರಣವನ್ನು ತೆಗೆದುಕೊಂಡು, ಕಲುಷಿತವಾದ ಮಣ್ಣನ್ನು ಸರಿಪಡಿಸಿ, ಅಲ್ಲಿ ೨೪ ಹೆಕ್ಟೇರ್ ವಿಸ್ತಾರದ ಕೆರೆಯೊಂದನ್ನು ತೋಡಿಸಿತು. ೨೦೧೦ರ ಅಕ್ಟೋಬರ್ ೧ರಂದು ಕೆರೆಗೆ ನೀರು ಬಿಡಲಾಯಿತು. ಮರುವರ್ಷ ಅದು ಜನರಿಗೆ ತೆರೆಯಿತು. ನೆಲದಡಿಯ ಕೊಳವೆಯಲ್ಲಿ ಹೂತುಹೋಗಿದ್ದ ಎಮ್ಷರ್ ನದಿಯು ಮತ್ತೆ ಬಿಸಿಲನ್ನು ಕಂಡು ಕೆರೆಯ ಪಕ್ಕದಲ್ಲಿ ಹರಿಯತೊಡಗಿತು. ಹಳೆಯ ಥಾಮಸ್ ಪರಿವರ್ತಕವೊಂದನ್ನು ಕೆರೆಯ ದಂಡೆಗೆ ಸೇರಿದ ನಡುಗಡ್ಡೆಯ ಮೇಲೆ ನೆನಪಿಗಾಗಿ ನಿಲ್ಲಿಸಿದ್ದಾರೆ. ಪಶ್ಚಿಮದ ಊದುಕುಲುಮೆಗಳನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಇದೆಲ್ಲವೂ ಎಲ್ಲರಿಗೂ ಸಮನಾಗಿ ದಕ್ಕಿತೆಂದು ಹೇಳಲಾಗದು. ಕೆರೆಯ ಸುತ್ತ ಎದ್ದ ಮನೆಗಳ ಬೆಲೆಯು ಹೋರ್ಡೆಯ ಹಳೆಯ ಕಾರ್ಮಿಕ ಕುಟುಂಬಗಳಿಗೆ ಎಟುಕುವಂಥದಲ್ಲವೆಂಬ ಟೀಕೆ ಅಲ್ಲಿಯೇ ಕೇಳಿಬಂದಿದೆ. ಆದರೂ ಕಳಚುವವನಿಗೆ ಯಂತ್ರವನ್ನು ಮಾತ್ರ ಒಪ್ಪಿಸಿ, ನೆಲದ ಮೇಲಿನ ಮಾತನ್ನು ನಗರವು ತನ್ನಲ್ಲೇ ಉಳಿಸಿಕೊಂಡುದರಿಂದ ಊರಿಗೆ ಒಂದು ಎರಡನೆಯ ಜನ್ಮ ಸಾಧ್ಯವಾಯಿತೆಂಬುದು ನಿಸ್ಸಂದೇಹ.

ಈ ವಿವೇಕದ ಬೆಲೆಯನ್ನು ಮುಂಬಯಿಯಲ್ಲಿರುವ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ೧೯೮೨ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ಅನಂತರ ಗಿರಣಗಾಂವದ ಬಟ್ಟೆ ಗಿರಣಿಗಳು ಒಂದೊಂದಾಗಿ ನಿಂತುಹೋದುವು. ಅಲ್ಲಿ ಬೆಲೆ ಬಂದುದು ಮಗ್ಗಗಳಿಗಲ್ಲ, ನೆಲಕ್ಕೆ. ೧೯೯೧ರ ನಿಯಮವು ಗಿರಣಿಯ ನೆಲವನ್ನು ಮೂರು ಪಾಲು ಮಾಡಿ, ಒಂದನ್ನು ನಗರದ ಬಯಲು ಜಾಗಕ್ಕೂ ಒಂದನ್ನು ಸಾರ್ವಜನಿಕ ವಸತಿಗೂ ಬಿಟ್ಟುಕೊಡಬೇಕೆಂದು ವಿಧಿಸಿತ್ತು. ೨೦೦೧ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂದು ಪದದ ಅರ್ಥವ್ಯಾಪ್ತಿ ಕಿರಿದಾದುದರಿಂದ ನಗರದ ಪಾಲು ಎಷ್ಟೋ ಪಟ್ಟು ಕುಗ್ಗಿತು. ಡೋರ್ಟ್‌ಮುಂಡಿನಲ್ಲಿ ಕಬ್ಬಿಣ ಹೋಗಿ ನೆಲ ಉಳಿಯಿತು. ಮುಂಬಯಿಯಲ್ಲಿ ನೆಲದ ಮೇಲಿನ ಸಾರ್ವಜನಿಕ ಹಕ್ಕೇ ಬಹುಮಟ್ಟಿಗೆ ಕೈಜಾರಿತು.

ನಮ್ಮ ನಾಡಿನೊಳಗಣ ಉದಾಹರಣೆಯು ಇವೆರಡಕ್ಕಿಂತಲೂ ಖೇದಕರವಾದುದು. ೧೮೮೦ರಲ್ಲಿ ಜಾನ್ ಟೇಲರ್ ಸಂಸ್ಥೆಯ ಆಡಳಿತಕ್ಕೆ ಬಂದ ಕೋಲಾರದ ಚಿನ್ನದ ಗಣಿಗಳು, ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಪಡೆದು, ೧೯೫೬ರಲ್ಲಿ ಮೈಸೂರು ಸರ್ಕಾರದ ವಶಕ್ಕೂ ೧೯೬೨ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದುವು. ಅಲ್ಲಿಯವರೆಗಿನ ಪ್ರತಿಯೊಂದು ಹಸ್ತಾಂತರದಲ್ಲಿಯೂ ಕೊಡುವ ಕೈಯ ಎದುರಿಗೆ ಕೊಳ್ಳುವ ಕೈ ಇತ್ತು. ೨೦೦೧ರ ಫೆಬ್ರವರಿ ೨೮ರಂದು, ಹೋರ್ಡೆಯ ಕೊನೆಯ ಉಕ್ಕಿಗೆ ಎರಡು ತಿಂಗಳ ಮುಂಚೆ, ಕೋಲಾರದ ಗಣಿಗಳು ಮುಚ್ಚಿದುವು. ಅಂದು ಎದುರಿಗೆ ಕೊಳ್ಳುವ ಕೈ ಇರಲಿಲ್ಲ. ಬಿಚ್ಚಿ ಕೊಂಡೊಯ್ಯಲು ಯಾವ ದೂರದೇಶದವರೂ ಬರಲಿಲ್ಲ. ನೆಲವನ್ನು ತಿದ್ದಿ ಕೆರೆ ತೋಡಲು ಯಾವ ನಗರಸಂಸ್ಥೆಯೂ ಮುಂದಾಗಲಿಲ್ಲ. ನೀರೆತ್ತುವ ಪಂಪುಗಳು ನಿಂತೊಡನೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿದ್ದ ಸುರಂಗಗಳಲ್ಲಿ ನೀರು ಏರತೊಡಗಿತು. ಗಣಿಯ ಬಾಯಿಗಳ ಮೇಲಿನ ಕಬ್ಬಿಣದ ಚೌಕಟ್ಟುಗಳು ನಿಂತಲ್ಲೇ ತುಕ್ಕು ಹಿಡಿದುವು. ಚಿನ್ನ ತೆಗೆದು ಎಸೆದ ಮಣ್ಣಿನ ದಿಬ್ಬಗಳಿಂದ ಧೂಳು ಊರಿನ ಮೇಲೆ ಬೀಸುತ್ತಲೇ ಇದೆ. ಒಡೆತನವು ಕಾಗದದಲ್ಲಿ ಮುಂದುವರಿಯಿತು; ಹೊಣೆಯನ್ನು ದಿನನಿತ್ಯ ಹೊರುವವರು ಇಲ್ಲವಾದರು; ಸುರಂಗಗಳ ತಿಳಿವಳಿಕೆಯು ಊರು ಬಿಟ್ಟು ಚದುರಿದ ಕೆಲಸಗಾರರೊಡನೆ ಚದುರಿಹೋಯಿತು. ಪ್ರತಿದಿನ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಅವರ ಮಕ್ಕಳಿಗೆ ಗಣಿಯೆಂಬುದು ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿದೆ.

ಕಾರ್ಖಾನೆಗಳು ಶಾಶ್ವತವಲ್ಲ. ಇಂದು ನಡೆಯುತ್ತಿರುವವುಗಳಲ್ಲಿ ಎಷ್ಟೋ ಮುಂದೊಂದು ದಿನ ನಿಲ್ಲುತ್ತವೆ. ಅದನ್ನು ತಪ್ಪಿಸುವುದು ಯಾವ ಊರಿನ ಕೈಯಲ್ಲಿಯೂ ಇಲ್ಲ. ಆದರೆ ರೂರ್ ಕಣಿವೆಯ ಎರಡು ಅನುಭವಗಳು ಒಂದು ಪಾಠವನ್ನು ಖಚಿತವಾಗಿ ಕಲಿಸುತ್ತವೆ. ಗುತ್ತಿಗೆದಾರನಿಗೆ ಬೀಗದ ಕೈ ಕೊಡುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರವಿರಬೇಕು: ನೆಲ ಯಾರದಾಗಿ ಉಳಿಯುತ್ತದೆ, ಕಳಚುವ ಕಾಲದಲ್ಲಿ ಪ್ರಾಣಹಾನಿಯ ಹೊಣೆ ಯಾರದು, ವಿಷವನ್ನು ತೆಗೆಯುವವರು ಯಾರು, ಹಳೆಯ ಕೆಲಸಗಾರರ ತಿಳಿವಳಿಕೆಯನ್ನು ಕೇಳಿ ಬರೆದಿಡುವವರು ಯಾರು. ಮೊದಲ ತೊಲೆ ಕತ್ತರಿಸಿದ ಮೇಲೆ ಈ ಪ್ರಶ್ನೆಗಳನ್ನು ಕೇಳಿ ಪ್ರಯೋಜನವಿಲ್ಲ. ಕೋಲಾರದಲ್ಲಿ ಇವುಗಳಲ್ಲಿ ಕೊನೆಯದಕ್ಕೆ ಉತ್ತರ ಕೊಡಲು ಇನ್ನೂ ಸ್ವಲ್ಪ ಕಾಲಾವಕಾಶವಿದೆ. ಗಣಿಯ ಒಳಗಿಳಿದು ದುಡಿದವರಲ್ಲಿ ಹಲವರು ಇನ್ನೂ ನಮ್ಮೊಡನಿದ್ದಾರೆ. ಅವರ ಮಾತನ್ನು ಬರೆದುಕೊಳ್ಳುವ ಕಾರ್ಯವನ್ನು ಹೊರನಾಡಿನ ಸಂಘಗಳೂ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ.